ಸಾಲ ತೀರಿದರೂ ಕಲೆ ಉಳಿಯಿತು: ಕೈಗೆ ಬಂದ ಬ್ಯಾಂಕ್ ನೌಕರಿ ತಪ್ಪಿದ್ದು ಯಾಕೆ?

ಆಯ್ಕೆಯ ಹಂತಗಳನ್ನೆಲ್ಲ ದಾಟಿ, ವೈದ್ಯಕೀಯ ತಪಾಸಣೆಯೂ ಮುಗಿದು, 2021ರ ಮಾರ್ಚ್‌ನಲ್ಲಿ ಸ್ಟೇಟ್ ಬ್ಯಾಂಕಿನ ನೇಮಕಾತಿ ಪತ್ರ ಕೈಗೆ ಬಂದಿತ್ತು. ಏಪ್ರಿಲ್‌ನಲ್ಲಿ ಅದೇ ಪತ್ರ ರದ್ದಾಯ್ತು. ಕಾರಣ: ಆ ಅಭ್ಯರ್ಥಿಯ ಸಿಬಿಲ್ ವರದಿಯಲ್ಲಿ ಸಾಲದ ಕಂತು ತಪ್ಪಿಸಿದ ದಾಖಲೆ ಇತ್ತು.

ಅರ್ಜಿ ಕರೆಯುವ ಮೊದಲೇ ಸಾಲವೆಲ್ಲ ತೀರಿಸಿದ್ದೇನೆ ಎಂದು ಅವರು ಮದ್ರಾಸ್ ಹೈಕೋರ್ಟ್ ಮೆಟ್ಟಿಲೇರಿದರು. 2025ರ ಜೂನ್‌ನಲ್ಲಿ ಕೋರ್ಟ್ ಬ್ಯಾಂಕಿನ ಪರವಾಗಿಯೇ ತೀರ್ಪು ಕೊಟ್ಟಿತು. ಸಾಲ ಮರುಪಾವತಿಯಲ್ಲಿ ತಪ್ಪಿದ ದಾಖಲೆ ಇರುವವರು ಅರ್ಹರಲ್ಲ ಎಂದು ನೇಮಕಾತಿ ಪ್ರಕಟಣೆಯಲ್ಲೇ ಇತ್ತು. ಸಾರ್ವಜನಿಕರ ದುಡ್ಡು ನೋಡಿಕೊಳ್ಳುವವರಿಗೆ ಹಣಕಾಸಿನ ಶಿಸ್ತು ಇರಲೇಬೇಕು ಎಂಬುದು ತೀರ್ಪಿನ ಸಾರ.

ನಿಯಮದ ಹಿಂದಿನ ಲೆಕ್ಕಾಚಾರ

ಕುತ್ತಿಗೆವರೆಗೆ ಸಾಲ ಇರುವವರು ಆಮಿಷಕ್ಕೆ ಬೇಗ ಬೀಳಬಹುದು ಎಂಬುದು ಹಳೆಯ ಲೆಕ್ಕ. ಕೇಂದ್ರ ಸರ್ಕಾರಿ ನೌಕರರ 1964ರ ನಡತೆ ನಿಯಮಗಳಲ್ಲೂ ನೌಕರರು ಸದಾ ಸಾಲದಲ್ಲಿ ಮುಳುಗಿರಬಾರದು ಎಂಬ ಮಾತಿದೆ. ಅಮೆರಿಕದಲ್ಲಂತೂ ಗುಪ್ತ ಕಡತ ನೋಡುವ ಹುದ್ದೆಗೆ ಭದ್ರತಾ ಅನುಮತಿ ಕೊಡುವಾಗ ಬಾಕಿ ಸಾಲವನ್ನು ಪ್ರತ್ಯೇಕವಾಗಿ ಪರಿಶೀಲಿಸುತ್ತಾರೆ. ಆದರೆ ಅಲ್ಲಿ ಸಾಲ ಯಾಕೆ ನಿಂತಿತು ಅಂತಲೂ ಕೇಳ್ತಾರೆ. ಕಾಯಿಲೆ, ಕೆಲಸ ಹೋಗಿದ್ದು ಇಂಥ ಕಾರಣಗಳಿದ್ದು, ತೀರಿಸಲು ಪ್ರಾಮಾಣಿಕವಾಗಿ ಯತ್ನಿಸಿದ್ದರೆ ಅದು ಅವರ ಪರವಾಗಿಯೇ ಲೆಕ್ಕಕ್ಕೆ ಬರುತ್ತೆ.

ನಮ್ಮಲ್ಲಿ ತೊಡಕಿರುವುದು ಇಲ್ಲೇ. ಓದಿಗೆ ಸಾಲ ಮಾಡಿದ ಹುಡುಗರು ಕೆಲಸ ಸಿಗದೆ ಕಂತು ತಪ್ಪಿಸುತ್ತಾರೆ. ಕಂತು ತಪ್ಪಿದ್ದಕ್ಕೆ ಕೆಲಸವೂ ಇಲ್ಲ ಎಂದರೆ ಸಾಲ ತೀರಿಸುವುದಾದರೂ ಹೇಗೆ? ಈ ಪ್ರಶ್ನೆ ಸಂಸತ್ತಿನವರೆಗೂ ಹೋಗಿದೆ. ಐಬಿಪಿಎಸ್ ನೇಮಕಾತಿಯಲ್ಲಿ ಈಗ ಸ್ವಲ್ಪ ದಾರಿ ಬಿಟ್ಟಿದ್ದಾರೆ: ಸಿಬಿಲ್ ದಾಖಲೆ ಸರಿಪಡಿಸಿಕೊಳ್ಳಬೇಕು, ಇಲ್ಲವೇ ಸಾಲ ಕೊಟ್ಟವರಿಂದ ಬಾಕಿ ಇಲ್ಲ ಎಂಬ ಪತ್ರ ತರಬೇಕು. ಎರಡೂ ಇಲ್ಲದಿದ್ದರೆ ನೇಮಕ ರದ್ದಾಗಬಹುದು.

ಅಂಗಡಿಯವರಿಗೂ ಸಂಬಂಧ ಇದೆ

ಅಂಗಡಿ ಉದ್ರಿ, ಕೈಸಾಲ ಈ ವರದಿಗೆ ಬರುವುದಿಲ್ಲ. ಬ್ಯಾಂಕ್, ಫೈನಾನ್ಸ್ ಕಂಪನಿ, ಮೈಕ್ರೋಫೈನಾನ್ಸ್ ಸಾಲ, ಕ್ರೆಡಿಟ್ ಕಾರ್ಡ್ ಬಾಕಿ ಬರುತ್ತವೆ. ಮಗನ ಹೆಸರಲ್ಲಿ ನೆಂಟರಿಗೆ ಕಂತಿನ ಮೇಲೆ ಮೊಬೈಲ್ ಕೊಡಿಸಿದರೆ, ಅವರು ಕಟ್ಟದ ಕಂತು ದಾಖಲಾಗೋದು ಮಗನ ಹೆಸರಲ್ಲೇ. ಬೇರೆಯವರ ಸಾಲಕ್ಕೆ ಜಾಮೀನು ಸಹಿ ಹಾಕಿದ್ದರೆ ಅದೂ ವರದಿಯಲ್ಲಿ ಕಾಣಿಸಬಹುದು.

ಇನ್ನೊಂದು ವಿಷಯ, ಸೆಟಲ್‌ಮೆಂಟ್. ಕಮ್ಮಿ ದುಡ್ಡಿಗೆ ಮುಗಿಸಿಕೊಡ್ತೀವಿ ಎಂದಾಗ ಖುಷಿಯಾಗೋದು ಸಹಜ. ಆದರೆ ವರದಿಯಲ್ಲಿ ಅದು ‘ಸೆಟಲ್ಡ್’ ಎಂದು ಉಳಿಯುತ್ತೆ, ‘ಕ್ಲೋಸ್ಡ್’ ಎಂದಲ್ಲ. ಮುಂದೆ ನೋಡುವವರಿಗೆ ಪೂರ್ತಿ ಕಟ್ಟಿಲ್ಲ ಅನ್ನೋದು ಗೊತ್ತಾಗುತ್ತೆ.

ಈಗಲೇ ಮಾಡಬಹುದಾದ್ದು

ಸಿಬಿಲ್ ಅಂಕ 300ರಿಂದ 900ರವರೆಗೆ ಇರುತ್ತದೆ. ಸಿಬಿಲ್ ಸೇರಿದಂತೆ ನಾಲ್ಕು ಕ್ರೆಡಿಟ್ ಮಾಹಿತಿ ಕಂಪನಿಗಳಿದ್ದು, ಪ್ರತಿಯೊಂದೂ ವರ್ಷಕ್ಕೊಮ್ಮೆ ಪೂರ್ತಿ ವರದಿಯನ್ನು ಉಚಿತವಾಗಿ ಕೊಡಬೇಕು ಎಂಬುದು ರಿಸರ್ವ್ ಬ್ಯಾಂಕ್ ನಿಯಮ. ಅದಕ್ಕೆ ಯಾವ ಏಜೆಂಟರಿಗೂ ದುಡ್ಡು ಕೊಡಬೇಕಿಲ್ಲ. ವರದಿಯಲ್ಲಿ ತಪ್ಪಿದ್ದರೆ ದೂರು ಕೊಡಿ. 30 ದಿನದಲ್ಲಿ ಬಗೆಹರಿಯದಿದ್ದರೆ ದಿನಕ್ಕೆ 100 ರೂಪಾಯಿ ಪರಿಹಾರ ಸಿಗಬೇಕು.

ಸಾಲ ತೀರಿದ ದಿನವೇ ಬಾಕಿ ಇಲ್ಲ ಎಂಬ ಪತ್ರ ಕೇಳಿ ಪಡೆದು, ಮನೆ ಪತ್ರದ ಜೊತೆ ಜೋಪಾನವಾಗಿ ಇಡುವುದು ಒಳ್ಳೇದು. ಮನೆಯಲ್ಲಿ ಬ್ಯಾಂಕ್ ಪರೀಕ್ಷೆಗೆ ಓದುವ ಮಕ್ಕಳಿದ್ದರೆ, ಅರ್ಜಿ ಹಾಕುವ ಮೊದಲೇ ಅವರ ವರದಿಯನ್ನೊಮ್ಮೆ ತೆಗೆಸಿ ನೋಡಲಿ. ನೇಮಕಾತಿ ಪತ್ರ ಬಂದ ಮೇಲೆ ಓಡಾಡಲು ಸಮಯ ಇರೋದಿಲ್ಲ.