ನಾಡಿ ಮುಟ್ಟದ ವೈದ್ಯ

ನಮ್ಮ ಕಾಸರಗೋಡು ಕಡೆಯ ಮನೆಗಳಿಗೆ ತಮ್ಮವನೆಂದು ಹೇಳಿಕೊಳ್ಳಲು ಒಬ್ಬ ವೈದ್ಯನು ಎಲ್ಲಿಯಾದರೂ ಇದ್ದೇ ಇರುತ್ತಾನೆ. ಆತನು ಅಕ್ಕನ ಮಗನಾಗಿರಬಹುದು, ಭಾವನ ತಮ್ಮನಾಗಿರಬಹುದು, ಚಿಕ್ಕಮ್ಮನ ಸೊಸೆಯೇ ವೈದ್ಯೆಯಾಗಿರಬಹುದು. ಇರುವುದು ಮಂಗಳೂರಿನಲ್ಲಿ, ಇಲ್ಲವೆ ಬೆಂಗಳೂರಿನಲ್ಲಿ. ಮನೆಯಲ್ಲಿ ಯಾರಿಗೆ ಮೈ ಸರಿಯಿಲ್ಲದಾದರೂ ಮೊದಲು ನೆನಪಾಗುವುದು ಆ ಹೆಸರೇ. ಹಿಂದೆ ಕಾಗದ ಬರೆದು ಕೇಳುತ್ತಿದ್ದೆವು. ಅನಂತರ ದೂರವಾಣಿ ಬಂದಿತು. ಇಂದು ಕಾಲಿನ ಹುಣ್ಣಿನ ಚಿತ್ರವನ್ನು ವಾಟ್ಸಾಪಿನಲ್ಲಿ ಕಳುಹಿಸಿ, ಮರುಕ್ಷಣವೇ ಮದ್ದಿನ ಹೆಸರನ್ನು ನಿರೀಕ್ಷಿಸುತ್ತೇವೆ.

ಇದಕ್ಕೆ ಬರಿಯ ಸೋಮಾರಿತನವೇ ಕಾರಣವೆಂದು ನಾವು ಹೇಳಲಾರೆವು. ಹತ್ತಿರದ ಆಸ್ಪತ್ರೆಯ ವೈದ್ಯರ ವಿದ್ಯೆಯಲ್ಲಿ ಕೊರತೆಯಿಲ್ಲ. ಆದರೆ ಅವರಿಗೆ ಕನ್ನಡ ಬಾರದೆಂದಾದರೆ, ಕುತ್ತುವ ನೋವು ಯಾವುದು, ಸೆಳೆಯುವ ನೋವು ಯಾವುದು, ಉರಿಯುವ ನೋವು ಯಾವುದು ಎಂಬುದನ್ನು ನಮ್ಮ ಮುದುಕಿಯರು ಅರೆಬರೆ ಮಲೆಯಾಳದಲ್ಲಿ ಹೇಗೆ ವಿವರಿಸಬೇಕು? ನೋವಿಗೆ ತಾಯಿನುಡಿಯೇ ನುಡಿ. ಆದಕಾರಣ ದೂರದ ಕನ್ನಡ ವೈದ್ಯನ ಕಿವಿಗಾಗಿ ಮನಸ್ಸು ಹಾತೊರೆಯುವುದು ಸಹಜವೇ ಆಗಿದೆ.

ಕೆಲವು ವರ್ಷಗಳ ಕೆಳಗೆ ನಮಗೆ ಆಪ್ತವಾದ ಒಂದು ಮನೆಯಲ್ಲಿ ನಡೆದ ಸಂಗತಿಯನ್ನು ಇಲ್ಲಿ ಹೇಳಬೇಕು. ಮನೆಯ ಯಜಮಾನರಿಗೆ ರಾತ್ರಿಯ ಊಟವಾದ ಬಳಿಕ ಎದೆಯಲ್ಲಿ ಉರಿ. ಹಲಸಿನ ಹಣ್ಣು ತಿಂದುದರ ಫಲವೆಂದು ಎಲ್ಲರೂ ತಿಳಿದರು. ಮನೆಯಾಕೆ ಜೀರಿಗೆಯ ಕಷಾಯಕ್ಕೆ ನೀರಿಟ್ಟು, ಬೆಂಗಳೂರಿನಲ್ಲಿ ವೈದ್ಯನಾಗಿದ್ದ ಯಜಮಾನರ ಸೋದರಳಿಯನಿಗೆ ದೂರವಾಣಿಯಲ್ಲಿ ವಿಷಯ ತಿಳಿಸಿ, ಗ್ಯಾಸಿಗೆ ಒಂದು ಮಾತ್ರೆಯ ಹೆಸರನ್ನು ಕೇಳಿದರು. ಆತನು ನಾಲ್ಕೈದು ಪ್ರಶ್ನೆಗಳನ್ನು ಕೇಳಿ, “ಅತ್ತೇ, ಮಾವನ ಎದೆಯ ಮೇಲೆ ಕೈಯಿಡದೆ ಇದು ಗ್ಯಾಸ್ ಎಂದು ನಾನು ಹೇಳಲಾರೆ. ಬೆಳಗಾಗುವುದನ್ನು ಕಾಯಬೇಡಿ. ಈಗಲೇ ಕಾರು ತರಿಸಿ, ಇಸಿಜಿ ಮಾಡುವ ಆಸ್ಪತ್ರೆಗೆ ಕರೆದುಕೊಂಡು ಹೋಗಿ” ಎಂದನಂತೆ. ಆಕೆಗೆ ಬಹಳ ನೋವಾಯಿತು. ಈ ಮನೆಯ ಅನ್ನವನ್ನುಂಡು ಓದಿದವನಿಗೆ ಒಂದು ಮಾತ್ರೆಯ ಹೆಸರು ಹೇಳಲು ಇಷ್ಟು ಬಿಗುಮಾನವೇ ಎಂದು ಗೊಣಗುತ್ತಲೇ ಕಾರು ತರಿಸಿದರು. ಆಸ್ಪತ್ರೆಯಲ್ಲಿ ತಿಳಿದುಬಂದುದು ಹೃದಯಾಘಾತ.

ಆ ಹುಡುಗನು ಅಂದು ರೋಗದ ಹೆಸರನ್ನು ಹೇಳಲಿಲ್ಲ, ಹೇಳಲಾರೆನೆಂದು ಹೇಳಿದನು. ಆ ಒಂದು ಮಾತೇ ಅಂದು ಮದ್ದಾಯಿತು.

ರೋಗಿಯನ್ನು ಅರಿಯಲು ದರ್ಶನ, ಸ್ಪರ್ಶನ, ಪ್ರಶ್ನ ಎಂಬ ಮೂರು ದಾರಿಗಳನ್ನು ವಾಗ್ಭಟನು ಅಷ್ಟಾಂಗಹೃದಯದಲ್ಲಿ ಹೇಳಿದ್ದಾನೆ. ನೋಡುವುದು, ಮುಟ್ಟುವುದು, ಕೇಳುವುದು. ಪಾಶ್ಚಾತ್ಯ ವೈದ್ಯವೂ ಇದನ್ನು ಬಿಟ್ಟು ನಡೆದುದಲ್ಲ. 1816ರಲ್ಲಿ ಪ್ಯಾರಿಸಿನ ಲೆನೆಕ್ ಎಂಬ ವೈದ್ಯನು ತರುಣಿಯೊಬ್ಬಳ ಎದೆಗೆ ಕಿವಿಯಿಡಲು ಸಂಕೋಚಗೊಂಡು ಕಾಗದವನ್ನು ಸುರುಳಿ ಸುತ್ತಿ ಆಲಿಸಿದನು. ಸ್ಟೆತಾಸ್ಕೋಪು ಹುಟ್ಟಿದ್ದು ಹಾಗೆ. ರೋಗಿಯ ಮರ್ಯಾದೆಯನ್ನು ಕಾಯಲು ಆತನು ದೂರ ಸರಿದನಾದರೂ ಸರಿದುದು ಒಂದು ಗೇಣು ಮಾತ್ರ.

ಈ ಮೂರರಲ್ಲಿ ತಂತಿಯ ಮೇಲೆ ಅಥವಾ ಗಾಳಿಯ ಅಲೆಯ ಮೇಲೆ ಸಾಗಬಲ್ಲದು ಯಾವುದು? ಪ್ರಶ್ನೆ ಪೂರ್ತಿಯಾಗಿ ಸಾಗುತ್ತದೆ. ದರ್ಶನವು ಅರ್ಧ ಮಾತ್ರ ಸಾಗುತ್ತದೆ. ಸ್ಪರ್ಶವು ಸಾಗುವುದೇ ಇಲ್ಲ. ಹೊಟ್ಟೆಯ ಬಲಬದಿಯ ಕೆಳಗೆ ಒತ್ತಿದಾಗ ರೋಗಿ ಹೌಹಾರುವನೇ, ಕಾಲಿನ ಬಾವಿನ ಮೇಲೆ ಬೆರಳೊತ್ತಿದರೆ ಕುಳಿ ಬೀಳುವುದೇ ಎಂಬುದನ್ನು ಚಿತ್ರವು ಹೇಳದು.

ಅರ್ಧ ದರ್ಶನವು ಎಂತಹ ಮೋಸವನ್ನು ಮಾಡಬಲ್ಲದೆಂಬುದಕ್ಕೆ ಅಮೇರಿಕೆಯ ಒಂದು ನಿದರ್ಶನವಿದೆ. ಟೆರಿ ಶಯಾವೋ ಎಂಬ ಮಹಿಳೆ 1990ರಲ್ಲಿ ಕುಸಿದುಬಿದ್ದವಳು ಮತ್ತೆ ಎಚ್ಚರಗೊಂಡಿರಲಿಲ್ಲ. ಆಕೆಯನ್ನು ಪರೀಕ್ಷಿಸಿದ್ದ ನರರೋಗತಜ್ಞರ ನಿರ್ಣಯವನ್ನು ಸೆನೆಟಿನ ಬಹುಮತ ಪಕ್ಷದ ನಾಯಕರೂ ಹೃದಯದ ಶಸ್ತ್ರವೈದ್ಯರೂ ಆಗಿದ್ದ ಬಿಲ್ ಫ್ರಿಸ್ಟ್ ಎಂಬವರು 2005ರ ಮಾರ್ಚಿನಲ್ಲಿ, ವೀಡಿಯೋ ಚಿತ್ರಗಳನ್ನು ನೋಡಿದ ಆಧಾರದಿಂದ, ಸೆನೆಟಿನಲ್ಲಿಯೇ ಪ್ರಶ್ನಿಸಿದರು. ಚಿತ್ರದಲ್ಲಿ ಆಕೆಯ ಕಣ್ಣು ಬೆಲೂನನ್ನು ಹಿಂಬಾಲಿಸುವಂತೆ ಕಾಣುತ್ತಿತ್ತು. ಆಕೆ ತೀರಿಕೊಂಡ ಬಳಿಕ ನಡೆದ ಶವಪರೀಕ್ಷೆಯಲ್ಲಿ ಮೆದುಳಿನ ತೂಕ 615 ಗ್ರಾಮೆಂದು ತಿಳಿಯಿತು. ಇರಬೇಕಾದುದರ ಸುಮಾರು ಅರ್ಧ. ದೃಷ್ಟಿಗೆ ಸಂಬಂಧಿಸಿದ ಭಾಗವು ನಶಿಸಿ, ಆಕೆಗೆ ಕಣ್ಣು ಕಾಣುತ್ತಲೇ ಇರಲಿಲ್ಲ. ಪ್ರತ್ಯಕ್ಷವಾಗಿ ಕಂಡರೂ ಪ್ರಮಾಣಿಸಿ ನೋಡು ಎಂದರು ನಮ್ಮ ಹಿರಿಯರು. ಪ್ರತ್ಯಕ್ಷಕ್ಕೇ ಈ ಎಚ್ಚರಿಕೆಯಾದರೆ ಪರದೆಯ ಮೇಲಿನ ನೆರಳಿಗೆ ಎಷ್ಟು ಬೇಕು!

ಹಾಗೆಂದು ದೂರದ ವೈದ್ಯವೇ ಅಧರ್ಮವೆನ್ನೋಣವೇ? ಗಡಿಯವರಾದ ನಾವು ಹಾಗೆನ್ನಲು ಬಾಯಿ ಬಾರದು. 2020ರ ಮಾರ್ಚಿನಲ್ಲಿ ಕೋವಿಡಿನ ಕಾರಣದಿಂದ ತಲಪಾಡಿಯ ಗಡಿ ಮುಚ್ಚಿತು. ಒಳದಾರಿಗಳಿಗೆ ಮಣ್ಣು ಸುರಿದರು. ತಲೆಮಾರುಗಳಿಂದ ಮಂಗಳೂರಿನ ಆಸ್ಪತ್ರೆಗಳನ್ನೇ ನಂಬಿದ್ದ ನಮ್ಮ ರೋಗಿಗಳು ದಾರಿಯಲ್ಲಿಯೇ ನಿಂತರು. ಚಿಕಿತ್ಸೆ ದೊರೆಯದೆ ತೀರಿಕೊಂಡವರೂ ಉಂಟು. ಏಪ್ರಿಲ್ 1ರಂದು ಕೇರಳದ ಉಚ್ಚ ನ್ಯಾಯಾಲಯವು ತಡೆಯನ್ನು ತೆಗೆಸಬೇಕೆಂದು ಕೇಂದ್ರಕ್ಕೆ ಆಜ್ಞಾಪಿಸಿತು. ತುರ್ತು ರೋಗಿಗಳನ್ನು ಬಿಡುವ ಬಗ್ಗೆ ಒಪ್ಪಂದವಾಗಿದೆಯೆಂದು ಸರ್ವೋಚ್ಚ ನ್ಯಾಯಾಲಯಕ್ಕೆ ತಿಳಿಸಿದಾಗ ತಾರೀಕು 7 ಆಗಿತ್ತು. ಆ ದಿನಗಳಲ್ಲಿ ಗಡಿಯಾಚೆಯ ವೈದ್ಯನ ಧ್ವನಿಯೊಂದೇ ಎಷ್ಟೋ ಮನೆಗಳಿಗೆ ಆಸರೆಯಾಯಿತು.

ಭಾರತದಲ್ಲಿ ದೂರವೈದ್ಯದ ಮಾರ್ಗಸೂಚಿಗಳು ಪ್ರಕಟವಾದುದೂ ದೇಶವೇ ಬಾಗಿಲಿಕ್ಕಿದ 2020ರ ಮಾರ್ಚ್ 25ರಂದೇ. ವೈದ್ಯನಿಗೆ ರೋಗಿಯ ಗುರುತು, ರೋಗಿಗೆ ವೈದ್ಯನ ಗುರುತು ತಿಳಿದಿರತಕ್ಕದ್ದು. ರೋಗಿಯ ಸಮ್ಮತಿಯಿರತಕ್ಕದ್ದು. ವೈದ್ಯನು ಹೇಳಿದುದಕ್ಕೆ ದಾಖಲೆಯಿರತಕ್ಕದ್ದು. ಕೆಲವು ಮದ್ದುಗಳನ್ನು, ವಿಶೇಷವಾಗಿ ಚಟ ಹಿಡಿಸುವಂಥವನ್ನು, ದೂರದಿಂದ ಬರೆಯಕೂಡದು. ತುರ್ತು ಸ್ಥಿತಿಯಲ್ಲಿ ಪ್ರಥಮ ಚಿಕಿತ್ಸೆಯನ್ನು ತಿಳಿಸಿ ಆಸ್ಪತ್ರೆಗೆ ಕಳುಹಿಸತಕ್ಕದ್ದು. ದೂರದ ವಿಚಾರಣೆ ಸಾಲದೆಂದು ತೋರಿದಾಗ ಖುದ್ದಾಗಿ ಬರಹೇಳುವುದು ವೈದ್ಯನ ವಿವೇಚನೆಗೆ ಸೇರಿದುದು. ನಮ್ಮ ಸೋದರಳಿಯನು ನಡೆದುಕೊಂಡುದೂ ಹೀಗೆಯೇ ಅಲ್ಲವೇ?

ಇಷ್ಟು ಕೇಳಿದವರ ಮಾತಾಯಿತು. ಕೇಳದವರ ರೋಗವನ್ನು ಹೇಳುವುದು ಇನ್ನೂ ದೊಡ್ಡ ತಪ್ಪು. 1964ರಲ್ಲಿ ಅಮೇರಿಕೆಯ ಅಧ್ಯಕ್ಷ ಪದವಿಗೆ ಸ್ಪರ್ಧಿಸಿದ್ದ ಬ್ಯಾರಿ ಗೋಲ್ಡ್‌ವಾಟರರ ಮನಸ್ಸು ಆ ಪದವಿಗೆ ತಕ್ಕುದೇ ಎಂದು ‘ಫ್ಯಾಕ್ಟ್’ ಎಂಬ ಪತ್ರಿಕೆಯು 12,356 ಮನೋವೈದ್ಯರಿಗೆ ಬರೆದು ಕೇಳಿತು. 2,417 ಮಂದಿ ಉತ್ತರವಿತ್ತರು. ಅವರಲ್ಲಿ 1,189 ಮಂದಿ ತಕ್ಕುದಲ್ಲವೆಂದರು. ಆತನನ್ನು ಪರೀಕ್ಷಿಸಿ ಕೊಟ್ಟ ಅಭಿಪ್ರಾಯ ಇದಲ್ಲ. ಗೋಲ್ಡ್‌ವಾಟರರು ದಾವೆ ಹೂಡಿ 1968ರಲ್ಲಿ ಗೆದ್ದರು. ತಾನು ಪರೀಕ್ಷಿಸದ, ಒಪ್ಪಿಗೆ ನೀಡದ ವ್ಯಕ್ತಿಯ ಕುರಿತು ಮನೋವೈದ್ಯನು ಬಹಿರಂಗವಾಗಿ ವೃತ್ತಿಯ ಅಭಿಪ್ರಾಯವನ್ನು ಕೊಡಕೂಡದೆಂದು ಅಲ್ಲಿಯ ಮನೋವೈದ್ಯರ ಸಂಘವು 1973ರಲ್ಲಿ ನಿಯಮ ಮಾಡಿತು. ಗೋಲ್ಡ್‌ವಾಟರ್ ನಿಯಮವೆಂದೇ ಅದು ಪ್ರಸಿದ್ಧವಾಗಿದೆ.

ಅಧ್ಯಕ್ಷ ಪದವಿಯ ಮಾತು ನಮಗೇಕೆಂದು ವಾಚಕರು ಕೇಳಬಹುದು. ಆದರೆ ಹೆಣ್ಣು ಗಂಡಿನ ಮಾತುಕತೆಯ ಕಾಲದಲ್ಲಿ ಹುಡುಗಿಯ ಭಾವಚಿತ್ರವನ್ನು ವೈದ್ಯನಾದ ನೆಂಟನಿಗೆ ಕಳುಹಿಸಿ, “ಕುತ್ತಿಗೆ ಸ್ವಲ್ಪ ದಪ್ಪಗೆ ಕಾಣುತ್ತದೆ, ಥೈರಾಯಿಡ್ ಇರಬಹುದೋ? ನೀನೇ ನೋಡಿ ಹೇಳು” ಎನ್ನುವವರು ನಮ್ಮಲ್ಲಿಲ್ಲವೇ? ಆತನು ಲಘುವಾಗಿ “ಇದ್ದರೂ ಇರಬಹುದು” ಎಂದರೆ ಸಾಕು, ಆ ಮಾತು ಹತ್ತು ಅಂಗಳ ದಾಟಿ ಖಚಿತವಾದ ರೋಗವಾಗುತ್ತದೆ. ಆ ಹುಡುಗಿಗೆ ದಾವೆ ಹೂಡಲು ನ್ಯಾಯಾಲಯವೆಲ್ಲಿ? ತನ್ನ ಮೇಲೆ ಬಿದ್ದ ಮಾತು ಯಾವುದೆಂಬುದೇ ಅವಳಿಗೆ ತಿಳಿಯದು. ವೈದ್ಯನ ಬಾಯಿಂದ ಬಂದಾಗ ಊಹೆಗೂ ಶಾಸ್ತ್ರದ ತೂಕ ಬಂದುಬಿಡುತ್ತದೆ.

ಆದುದರಿಂದ ನಮ್ಮ ವಾಚಕ ಬಂಧುಗಳಲ್ಲಿ ನಮ್ಮ ವಿನಂತಿ ಇಷ್ಟೇ. ದೂರದ ವೈದ್ಯನನ್ನು ಕೇಳಿರಿ, ರೋಗಿಯನ್ನೇ ಮಾತನಾಡಿಸಿ ಕೇಳಿರಿ, ಏನನ್ನೂ ಮುಚ್ಚಿಡಬೇಡಿರಿ. ಆದರೆ ಆತನು “ನೋಡದೆ ಹೇಳಲಾರೆ” ಎಂದಾಗ ಅದನ್ನು ಅಸಡ್ಡೆಯೆಂದು ಬಗೆಯಬೇಡಿರಿ. ಆತನಿಂದ ಹತ್ತಿರದ ವೈದ್ಯರಿಗೆ ಎರಡು ಸಾಲು ಬರೆಸಿಕೊಳ್ಳಿರಿ. ನಿಮ್ಮ ಕನ್ನಡದ ನೋವು ಅವರಿಗೂ ತಿಳಿಯಲಿ. ಇನ್ನೊಬ್ಬರ ಮಗಳ ರೋಗವನ್ನು ಮಾತ್ರ ಕೇಳಲೇ ಬೇಡಿರಿ.

ಮೇಲೆ ಹೇಳಿದ ಯಜಮಾನರು ಈಗಲೂ ಸಂಜೆಯ ಹೊತ್ತು ಜಗಲಿಯಲ್ಲಿ ಅಡಿಕೆ ಸುಲಿಯುತ್ತ ಕುಳಿತಿರುತ್ತಾರೆ. ಸೋದರಳಿಯನು ಊರಿಗೆ ಬಂದಾಗ ಅವನ ಅತ್ತೆ ಮೊದಲು ಮಾಡುವ ಕೆಲಸವೆಂದರೆ, ಯಜಮಾನರ ಕೈಯನ್ನು ಅವನ ಮುಂದೆ ಚಾಚಿಸಿ, “ಈಗ ಹಿಡಿದು ನೋಡಿ ಹೇಳು, ಮಗಾ” ಎನ್ನುವುದು.