ಭಕ್ಷೀಸು ಸಂಬಳವಲ್ಲ



ಎರಡು ವರ್ಷಗಳ ಹಿಂದೆ ವೈದ್ಯರು ನನ್ನ ರಕ್ತಪರೀಕ್ಷೆಯ ವರದಿಯನ್ನು ನೋಡಿ, "ಫಾದರ್, ಮಾತ್ರೆ ಆಮೇಲೆ, ಮೊದಲು ಮೈ ದಂಡಿಸಿ" ಎಂದರು. ಹೀಗಾಗಿ ಐವತ್ತು ದಾಟಿದ ಈ ಗುರು, ಮುಂಜಾನೆಯ ಬಲಿಪೂಜೆ ಮುಗಿಸಿ, ನಿಲುವಂಗಿ ಕಳಚಿಟ್ಟು, ಸಮೀಪದ ಜಿಮ್ ಒಂದರ ಸಾಮೂಹಿಕ ವ್ಯಾಯಾಮದ ಕೊನೆಯ ಸಾಲಿನಲ್ಲಿ ನಿಲ್ಲುವಂತಾಯಿತು. ಆ ದೃಶ್ಯವನ್ನು ನೀವು ಕಲ್ಪಿಸಿಕೊಳ್ಳದಿರುವುದೇ ಒಳಿತು.

ನಮಗೆ ಕಲಿಸುತ್ತಿದ್ದವಳು ಇಪ್ಪತ್ತೈದರ ಆಸುಪಾಸಿನ ಯುವತಿ. ಅಬ್ಬರದ ಸಂಗೀತವನ್ನೂ ಮೀರಿ ಎಣಿಕೆ ಹೇಳುತ್ತಾ, ಇಪ್ಪತ್ತೆರಡು ಜನರ ಮೊಣಕಾಲು, ಬೆನ್ನು, ಉಸಿರಾಟಗಳ ಮೇಲೆ ಕಣ್ಣಿಟ್ಟು, ಪ್ರತಿ ಚಲನೆಯನ್ನೂ ತಾನೇ ಮಾಡಿ ತೋರಿಸುತ್ತಿದ್ದಳು. ಮುಗಿದೊಡನೆ ಸ್ಕೂಟರ್ ಏರಿ ಇನ್ನೊಂದು ಬಡಾವಣೆಯ ತರಗತಿಗೆ ಓಡುತ್ತಿದ್ದಳು. ವರ್ಷಾಂತ್ಯದಲ್ಲಿ ಜಿಮ್ಮಿನ ಬಾಗಿಲ ಬಳಿ ಒಂದು ಫಲಕ ಕಾಣಿಸಿಕೊಂಡಿತು: ನಿಮ್ಮ ಶಿಕ್ಷಕರಿಗೆ ಕೃತಜ್ಞತೆ ಸಲ್ಲಿಸಿರಿ. ಕೆಳಗೆ ಮೊಬೈಲಿನಿಂದ ಹಣ ಕಳುಹಿಸುವ ಕ್ಯೂಆರ್ ಸಂಕೇತ. ನಾನೂ ಐನೂರು ರೂಪಾಯಿ ಕಳುಹಿಸಿದೆ. ಸತ್ಕಾರ್ಯ ಮಾಡಿದೆನೆಂಬ ಹಿತಭಾವದಿಂದಲೇ ಗುರುನಿವಾಸಕ್ಕೆ ಮರಳಿದೆ.

ಕೆಲವು ವಾರಗಳ ತರುವಾಯ, "ಏನಮ್ಮಾ, ಫಲಕದಿಂದ ಅನುಕೂಲವಾಯಿತೇ?" ಎಂದು ಕೇಳಿದೆ. ಆಕೆ ತುಸು ತಡೆದು ಹೇಳಿದಳು: "ತರಗತಿಗೆ ಐವತ್ತು ರೂಪಾಯಿ ಹೆಚ್ಚಿಸಿ ಎಂದು ಕೇಳಿದ್ದೆ, ಫಾದರ್. ಈಗ ಟಿಪ್ಸ್ ಬರುತ್ತದಲ್ಲ, ಇನ್ನೇಕೆ ಎಂದುಬಿಟ್ಟರು."

ನನ್ನ ಐನೂರು ರೂಪಾಯಿ ಆಕೆಯ ಕೈ ಸೇರುವ ಮುನ್ನವೇ ಆಕೆಯ ಸಂಬಳದ ಏರಿಕೆಯನ್ನು ನುಂಗಿತ್ತು! ಲೆಕ್ಕ ಹಾಕಿ ನೋಡಿದೆ. ಇಪ್ಪತ್ತೆರಡು ಜನರಿಂದ ತಲಾ 1,800 ರೂಪಾಯಿಯಂತೆ ತಿಂಗಳಿಗೆ 39,600. ವಾರಕ್ಕೆ ಮೂರು ತರಗತಿ, ತರಗತಿಗೆ 350 ರೂಪಾಯಿಯಂತೆ ಆಕೆಗೆ ಸಲ್ಲುವುದು ಸುಮಾರು 4,550. ಬಾಡಿಗೆ, ವಿದ್ಯುತ್ತು, ಯಂತ್ರೋಪಕರಣ ಎಲ್ಲವೂ ಇರುತ್ತವೆ, ಒಪ್ಪುತ್ತೇನೆ. ಆದರೆ ಆ ಒಂದು ಗಂಟೆಯನ್ನು ಸಿದ್ಧಪಡಿಸಲು ಮನೆಯಲ್ಲಿ ಕಳೆದ ಸಮಯ, ಹಾಡುಗಳ ಆಯ್ಕೆ, ಬೂಟು, ಪೆಟ್ರೋಲು, ಪ್ರಮಾಣಪತ್ರದ ಶುಲ್ಕ ಇವಾವುವೂ ಆ 350ರ ಲೆಕ್ಕದಲ್ಲಿಲ್ಲ. ಜುಂಬಾ ಕಲಿಸುವವರು ಆ ಸಂಸ್ಥೆಯ ಶಿಕ್ಷಕರ ಬಳಗದಲ್ಲಿರಲು ತಿಂಗಳು ತಿಂಗಳೂ ತಾವೇ ಚಂದಾ ತೆರುತ್ತಾರೆ. ಜ್ವರ ಬಂದು ಮಲಗಿದರೆ, ಹಬ್ಬಕ್ಕೆ ಜಿಮ್ ಮುಚ್ಚಿದರೆ, ಅಂದಿನ ಕೂಲಿ ಇಲ್ಲ. ನಿತ್ಯವೂ ಸಂಗೀತದ ಮೇಲೆ ಕೂಗಿ ಕೂಗಿ ಗಂಟಲು ಕೆಡಿಸಿಕೊಂಡವರು ಈ ವೃತ್ತಿಯಲ್ಲಿ ಹಲವರು. ಗಂಟಲು ಕೆಟ್ಟ ದಿನವೂ ಕೂಲಿ ಇಲ್ಲ.

ಈ ಕುಯುಕ್ತಿ ಹೊಸತೇನಲ್ಲ. ಟಿಪ್ಸಿನ ತವರೆಂದು ಹೇಳಬಹುದಾದ ಅಮೆರಿಕದ ಚರಿತ್ರೆಯಲ್ಲಿ ಇದರ ಬೇರು ಬಲು ಆಳಕ್ಕಿದೆ. ಗುಲಾಮಗಿರಿ ರದ್ದಾದ ಬಳಿಕ, 1867ರಲ್ಲಿ ಸ್ಥಾಪನೆಯಾದ ಪುಲ್‌ಮನ್ ಕಂಪನಿ ತನ್ನ ಶಯನ ರೈಲುಗಾಡಿಗಳ ಸೇವೆಗೆ ಬಿಡುಗಡೆ ಹೊಂದಿದ ಕಪ್ಪು ಜನರನ್ನು ನೇಮಿಸಿಕೊಂಡಿತು. ಕೊಟ್ಟ ಸಂಬಳ ಅಲ್ಪ; ಉಳಿದುದನ್ನು ಪ್ರಯಾಣಿಕರ ಭಕ್ಷೀಸಿನಿಂದ ತುಂಬಿಕೊಳ್ಳಬೇಕೆಂಬುದೇ ವ್ಯವಸ್ಥೆ. ಪ್ರಯಾಣಿಕರು ಅವರೆಲ್ಲರನ್ನೂ ಮಾಲೀಕನ ಹೆಸರಿನಿಂದ 'ಜಾರ್ಜ್' ಎಂದೇ ಕರೆಯುತ್ತಿದ್ದರು. ಸ್ವಂತ ಹೆಸರನ್ನೂ ಕಳೆದುಕೊಂಡು ನಗುತ್ತಾ ನಿಲ್ಲಬೇಕಿತ್ತು, ಏಕೆಂದರೆ ನಗುವಿನಲ್ಲಿ ಅನ್ನವಿತ್ತು. 1925ರಲ್ಲಿ ಎ. ಫಿಲಿಪ್ ರಾಂಡಾಲ್ಫ್‌ರ ನಾಯಕತ್ವದಲ್ಲಿ ಸಂಘ ಕಟ್ಟಿದ ಆ ನೌಕರರು ಕಂಪನಿಯೊಂದಿಗೆ ಒಪ್ಪಂದ ಮಾಡಿಕೊಳ್ಳಲು 1937ರವರೆಗೆ ಹೋರಾಡಬೇಕಾಯಿತು. ಭಕ್ಷೀಸು ಪ್ರಜಾಪ್ರಭುತ್ವಕ್ಕೆ ತಕ್ಕುದಲ್ಲವೆಂಬ ವಾದ ಅಲ್ಲಿಯೂ ಎದ್ದಿತ್ತು. 1909ರಲ್ಲಿ ವಾಷಿಂಗ್ಟನ್ ರಾಜ್ಯ ಅದನ್ನು ಕಾನೂನಿನಿಂದಲೇ ನಿಷೇಧಿಸಿತು, ಇನ್ನೂ ಕೆಲವು ರಾಜ್ಯಗಳು ಹಿಂಬಾಲಿಸಿದವು. ಆ ಕಾನೂನುಗಳು ಬಾಳಲಿಲ್ಲ. ಇಂದಿಗೂ ಅಲ್ಲಿನ ಫೆಡರಲ್ ಕಾನೂನಿನ ಪ್ರಕಾರ ಟಿಪ್ಸ್ ಪಡೆಯುವ ನೌಕರನಿಗೆ ಮಾಲೀಕ ಗಂಟೆಗೆ 2.13 ಡಾಲರ್ ಕೊಟ್ಟರೆ ಸಾಕು, ಉಳಿದುದನ್ನು ಟಿಪ್ಸ್ ತುಂಬಿದರಾಯಿತು. 1991ರಿಂದ ಆ ಅಂಕಿ ಕದಲಿಲ್ಲ. ಕೆಲವು ರಾಜ್ಯಗಳು ಹೆಚ್ಚು ಕೊಡಿಸುತ್ತವೆ ಎಂಬುದೂ ನಿಜ.

ವ್ಯಾಯಾಮ ಶಿಕ್ಷಕರಲ್ಲಿ ಬಹುತೇಕರು ಈ ಗುಂಪಿನವರಲ್ಲ. ಅಲ್ಲಿಯೂ ಅವರಿಗೆ ತರಗತಿಯ ಲೆಕ್ಕವೇ. ಅವರಿಗೆ ಟಿಪ್ಸ್ ಕೊಡುವ ರೂಢಿಯೂ ಇರಲಿಲ್ಲ. ಈಗ ಕೆಲವು ಕಡೆ ಶುಲ್ಕ ಪಾವತಿಸುವ ಪರದೆಯ ಮೇಲೆಯೇ ಶೇಕಡಾ ಹದಿನೈದೋ ಇಪ್ಪತ್ತೋ ಎಂಬ ಪ್ರಶ್ನೆ ಮೂಡುತ್ತದೆಯಂತೆ. ನ್ಯೂಜೆರ್ಸಿಯಿಂದ ರಜೆಗೆ ಬಂದಿದ್ದ ನಮ್ಮವರೊಬ್ಬರು ಇದನ್ನು ಹೇಳಿದಾಗ, ನಮ್ಮ ಬೀದಿಯ ಫಲಕ ಎಲ್ಲಿಂದ ಬಂತೆಂದು ನನಗೆ ಹೊಳೆಯಿತು.

"ಕೊಡುವುದು ತಪ್ಪೇ, ಫಾದರ್? ಕೊಡಿರೆಂದು ಪ್ರಭುವೇ ಹೇಳಿಲ್ಲವೇ?" ಎಂದು ನೀವು ಕೇಳಬಹುದು. ಸಲ್ಲಬೇಕಾದ ಕೂಲಿ ಪೂರ್ತಿ ಸಂದಾಯವಾದ ಮೇಲೆ ಸಂತೋಷಕ್ಕೆ ಕೊಟ್ಟರೆ ನನ್ನ ತಕರಾರಿಲ್ಲ. ಕೂಲಿಯ ಸ್ಥಾನದಲ್ಲಿ ಕೊಟ್ಟಾಗ ಅದು ದಾನವೂ ಅಲ್ಲ, ಕೂಲಿಯೂ ಅಲ್ಲ. ಮಾಲೀಕನ ಸಾಲವನ್ನು ನಾವು ತೀರಿಸುವುದು, ಅಷ್ಟೇ. ದ್ರಾಕ್ಷಾತೋಟದ ಸಾಮತಿಯನ್ನು ನೆನಪಿಸಿಕೊಳ್ಳಿರಿ. ಇಳಿಹೊತ್ತಿಗೆ ಬಂದವರಿಗೂ ಯಜಮಾನ ತನ್ನ ಚೀಲದಿಂದಲೇ ದಿನದ ಪೂರ್ತಿ ಕೂಲಿ ಕೊಟ್ಟ. ಬೆಳಗಿನಿಂದ ದುಡಿದವರ ಮುಂದೆ ತಟ್ಟೆ ಹಿಡಿದು ಹೋಗಿರೆಂದು ಅವರನ್ನು ಅಟ್ಟಲಿಲ್ಲ.

ಈ ವೃತ್ತಿಯಲ್ಲಿ ಇನ್ನೂ ಒಂದು ಅಪಾಯವುಂಟು. ಹೋಟೆಲಿನ ಮಾಣಿ ಗಿರಾಕಿಯನ್ನು ಮೆಚ್ಚಿಸಿದರೆ ನಷ್ಟವಾಗುವುದು ಹೆಚ್ಚೆಂದರೆ ಅವನ ಸ್ವಾಭಿಮಾನಕ್ಕೆ. ವ್ಯಾಯಾಮ ಶಿಕ್ಷಕಿ ನಮ್ಮನ್ನು ಮೆಚ್ಚಿಸತೊಡಗಿದರೆ ನಷ್ಟ ನಮ್ಮ ಮೊಣಕಾಲಿಗೆ! ಆಕೆಯ ಕರ್ತವ್ಯವೇ ತಿದ್ದುವುದು: ಬೆನ್ನು ಬಾಗಿದೆ, ನಿಲ್ಲಿಸಿ, ಎದೆಬಡಿತ ಏರಿದೆ, ಕುಳಿತುಕೊಳ್ಳಿ. ಒಮ್ಮೆ ಎಲ್ಲರೆದುರು ಆಕೆ ನನ್ನನ್ನು ತಡೆದು, ಭಾರವನ್ನು ಕೆಳಗಿಡಿಸಿದಳು. ಮುಖ ಕೆಂಪಾಯಿತು, ಸೊಂಟ ಉಳಿಯಿತು. ನನ್ನ ಪ್ರಸನ್ನತೆಯ ಮೇಲೆ ಆಕೆಯ ಮನೆಯ ಅಕ್ಕಿ ನಿಂತಿದ್ದರೆ ಆ ಮಾತು ಬಾಯಿಂದ ಹೊರಡುತ್ತಿತ್ತೇ? ಕನ್ನಡದಲ್ಲಿ 'ಹಂಗು' ಎಂಬ ಪದವಿದೆ. ಹಂಗಿನಲ್ಲಿರುವವರು ಸತ್ಯ ಹೇಳಲಾರರು. ಮೇಲಾಗಿ ಭಕ್ಷೀಸು ಚೆಲುವಿಗೆ, ವಯಸ್ಸಿಗೆ, ಮುಗುಳ್ನಗೆಗೆ ಒಲಿಯುವಷ್ಟು ನಿಷ್ಠೆಗೆ ಒಲಿಯುವುದಿಲ್ಲ.

ನಮ್ಮ ದೇಶದಲ್ಲೂ ಈ ಗಾಳಿ ಬೀಸತೊಡಗಿದೆ. ಹೋಟೆಲುಗಳು ಬಿಲ್ಲಿಗೆ ಸೇವಾಶುಲ್ಕವನ್ನು ತಾವಾಗಿ ಸೇರಿಸಬಾರದೆಂದು 2022ರಲ್ಲಿ ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರ ಹೇಳಿತು. 2025ರ ಮಾರ್ಚ್‌ನಲ್ಲಿ ದೆಹಲಿ ಉಚ್ಚ ನ್ಯಾಯಾಲಯ ಅದನ್ನು ಎತ್ತಿಹಿಡಿಯಿತು. ಅದೇ ವರ್ಷದ ಮೇ ತಿಂಗಳಲ್ಲಿ, ಸವಾರಿಗೆ ಮುಂಚೆಯೇ ಟಿಪ್ಸ್ ಕೇಳಿದ ಟ್ಯಾಕ್ಸಿ ಆ್ಯಪ್ ಒಂದಕ್ಕೆ ಪ್ರಾಧಿಕಾರ ನೋಟೀಸು ನೀಡಿತು. ಗ್ರಾಹಕನ ಜೇಬು ಕಾಯಲು ಕಾವಲುಗಾರರಿದ್ದಾರೆ, ಸಂತೋಷ. ಶಿಕ್ಷಕಿಯ 350 ರೂಪಾಯಿಯನ್ನು ಕಾಯುವವರಾರು?

ದಿನಗೂಲಿಯನ್ನು ಸೂರ್ಯಾಸ್ತಕ್ಕೆ ಮುಂಚೆ ಕೊಡಬೇಕೆಂದು ಧರ್ಮೋಪದೇಶಕಾಂಡವೇ ವಿಧಿಸಿದೆ. ಬಡತನಕ್ಕಂಜಿ ಕಾರ್ಮಿಕ ಒಪ್ಪಿಕೊಂಡ ಅಲ್ಪ ಕೂಲಿಯನ್ನು ನ್ಯಾಯವೆನ್ನಲಾಗದೆಂದು 1891ರಲ್ಲಿ ಪೋಪ್ ಹದಿಮೂರನೇ ಲಿಯೋ ಬರೆದರು. 2025ರಲ್ಲಿ ಪೀಠವೇರಿದ ಪೋಪ್ ಹದಿನಾಲ್ಕನೇ ಲಿಯೋ ಆ ಹೆಸರನ್ನೇ ಆರಿಸಿಕೊಳ್ಳಲು ಆ ವಿಶ್ವಪತ್ರವೂ ಕಾರಣ. ಇವನ್ನೆಲ್ಲ ಗುರುಮಠದಲ್ಲಿ ಓದಿ ಒಳ್ಳೆಯ ಅಂಕ ಗಳಿಸಿದವನು ನಾನು. ಆದರೂ ನಮ್ಮ ದೇವಾಲಯದಲ್ಲಿ ಹಾರ್ಮೋನಿಯಂ ನುಡಿಸುವವರಿಗೆ ಇಷ್ಟು ವರ್ಷ ಗೊತ್ತಾದ ಸಂಬಳವಿರಲಿಲ್ಲ. "ಮದುವೆಮನೆಯವರು ಏನಾದರೂ ಕೊಡುತ್ತಾರಲ್ಲ" ಎಂದು ನಾನೇ ಹೇಳಿದ್ದೇನೆ. ಜಿಮ್ಮಿನ ಮಾಲೀಕರ ಬಾಯಲ್ಲಿ ಅದೇ ಮಾತು ಕೇಳಿದಾಗ ಮಾತ್ರ ಸಿಟ್ಟು ಬಂತು, ನೋಡಿ!

ಆದುದರಿಂದ ನೀವು ಹೋಗುವ ತರಗತಿಯಲ್ಲಿ, ನಿಮ್ಮ ಅಪಾರ್ಟ್‌ಮೆಂಟಿನ ಸಂಘದಲ್ಲಿ ಕೇಳಿರಿ: ನಮ್ಮ ಶುಲ್ಕದಲ್ಲಿ ಕಲಿಸುವವರಿಗೆಷ್ಟು? ನಾವು ಹನ್ನೊಂದು ಮಂದಿ ಕೇಳಿದೆವು. ತಲಾ ನೂರು ರೂಪಾಯಿ ಹೆಚ್ಚು ತೆರಲು ಸಿದ್ಧ, ಅದು ಶಿಕ್ಷಕಿಯ ಕೂಲಿಗೇ ಸೇರಬೇಕು, ಫಲಕ ಹೋಗಬೇಕು ಎಂದೆವು. ಮಾಲೀಕರು ಮುನಿದರು, ಮೂರು ವಾರ ಸತಾಯಿಸಿದರು, ಕಡೆಗೆ ತರಗತಿಗೆ 425ಕ್ಕೆ ಒಪ್ಪಿದರು. ಹಾರ್ಮೋನಿಯಂ ವಾದಕರ ತಿಂಗಳ ಸಂಬಳದ ವಿಷಯ ಬರುವ ಭಾನುವಾರ ನಮ್ಮ ಹಣಕಾಸು ಸಮಿತಿಯ ಮುಂದಿದೆ. ಶಿಕ್ಷಕಿ ಈಗ ಇನ್ನೊಂದು ಪ್ರಶ್ನೆ ಎತ್ತಿದ್ದಾಳೆ: ಹಬ್ಬಕ್ಕೆ ಜಿಮ್ ಮುಚ್ಚಿದ ದಿನದ ಕೂಲಿ ಯಾರು ಕೊಡುತ್ತಾರೆ? ಮಾಲೀಕರು ಇನ್ನೂ ಉತ್ತರಿಸಿಲ್ಲ.