ಬಾವಲಿ ಚೀನಾದಲ್ಲಿ ಶುಭ, ನಮ್ಮಲ್ಲಿ ಅಪಶಕುನ: ಏಕೆ?

ಮುಸ್ಸಂಜೆ ಹೊತ್ತಿನಲ್ಲಿ ಬಾವಲಿಯೊಂದು ಮನೆಯೊಳಗೆ ಹಾರಿ ಬಂದರೆ ನಮ್ಮಲ್ಲಿ ಅನೇಕರು ಅಪಶಕುನ ಎಂದು ಹೆದರುತ್ತಾರೆ. ಅದೇ ಬಾವಲಿಯನ್ನು ಚೀನಾದಲ್ಲಿ ಶುಭಸೂಚಕವೆಂದು ಬಾಗಿಲು, ಕಿಟಕಿ, ತೊಲೆಗಳ ಮೇಲೆ ಕೆತ್ತಿದ್ದಾರೆ. ಬೀಜಿಂಗ್‌ನಲ್ಲಿರುವ ರಾಜಕುಮಾರ ಗೊಂಗ್‌ನ ಮಹಲಿನಲ್ಲಿ ಎಲ್ಲಿ ನೋಡಿದರೂ ಬಾವಲಿಯ ವಿನ್ಯಾಸ. ಒಂದೇ ಪ್ರಾಣಿ ಒಂದು ಕಡೆ ಕೆಡುಕನ್ನೂ ಇನ್ನೊಂದು ಕಡೆ ಒಳಿತನ್ನೂ ತರಲು ಸಾಧ್ಯವೇ?

ಉತ್ತರ ಇರುವುದು ಪ್ರಾಣಿಯಲ್ಲಲ್ಲ, ಭಾಷೆಯಲ್ಲಿ.

ಎಲ್ಲವೂ ಉಚ್ಚಾರದ ಆಟ

ಚೀನೀ ಭಾಷೆಯಲ್ಲಿ ಬಾವಲಿಗೆ ‘ಬಿಯೆನ್‌ಫೂ’ ಎನ್ನುತ್ತಾರೆ. ಸೌಭಾಗ್ಯಕ್ಕೂ ‘ಫೂ’ ಎಂದೇ ಹೆಸರು. ಚೀನೀ ಅಕ್ಷರಗಳೆಲ್ಲ ಚಿತ್ರಗಳು ಎಂದು ನಾವು ತಿಳಿದಿರುತ್ತೇವೆ. ಆದರೆ ಬಹುಪಾಲು ಅಕ್ಷರಗಳಲ್ಲಿ ಒಂದು ಭಾಗ ಅರ್ಥವನ್ನೂ ಇನ್ನೊಂದು ಭಾಗ ಉಚ್ಚಾರವನ್ನೂ ಸೂಚಿಸುತ್ತದೆ. ಈ ಎರಡು ‘ಫೂ’ಗಳಲ್ಲೂ ಉಚ್ಚಾರದ ಭಾಗ ಒಂದೇ. ಅರ್ಥದ ಭಾಗದಲ್ಲಿ ಬಾವಲಿಗೆ ಹುಳುವಿನ ಗುರುತಿದ್ದರೆ, ಸೌಭಾಗ್ಯಕ್ಕೆ ಪೂಜೆಯ ಗುರುತಿದೆ. ಹೀಗಾಗಿ ಐದು ಬಾವಲಿ ಕೆತ್ತಿದರೆ ದೀರ್ಘಾಯುಷ್ಯ, ಸಂಪತ್ತು, ಆರೋಗ್ಯ, ಸದ್ಗುಣ, ನೆಮ್ಮದಿಯ ಸಾವು ಎಂಬ ಐದು ಭಾಗ್ಯಗಳನ್ನು ಹಾರೈಸಿದಂತೆ. ನಮ್ಮ ಕಾವ್ಯಗಳಲ್ಲಿ ಇದನ್ನೇ ಶ್ಲೇಷೆ ಎನ್ನುತ್ತೇವೆ.

ಹೊಸ ವರ್ಷದ ಊಟಕ್ಕೆ ಮೀನು ಇರಲೇಬೇಕೆನ್ನುವುದೂ ಇದೇ ಕಾರಣಕ್ಕೆ: ಮೀನು ಮತ್ತು ‘ಮಿಕ್ಕುವಷ್ಟು ಸಮೃದ್ಧಿ’ ಎಂಬ ಪದಗಳ ಉಚ್ಚಾರ ಒಂದೇ. ನಾಲ್ಕು ಎಂಬ ಸಂಖ್ಯೆಗೆ ಹೆದರುವುದು ಏಕೆಂದರೆ, ಅದು ‘ಸಾವು’ ಎಂಬ ಪದದಂತೆ ಕೇಳಿಸುತ್ತದೆ. ದನಿಯ ಏರಿಳಿತ ಮಾತ್ರ ಬೇರೆ.

ಕಟ್ಟಡದಲ್ಲೂ ಅದೇ ಭಾಷೆ

ಒಂಬತ್ತಕ್ಕೆ ‘ಜಿಯೂ’ ಎನ್ನುತ್ತಾರೆ. ‘ಬಹುಕಾಲ’ ಎಂಬುದಕ್ಕೂ ಅದೇ ಉಚ್ಚಾರ. ಜೊತೆಗೆ ಅದು ಒಂದಂಕಿಯ ಸಂಖ್ಯೆಗಳಲ್ಲೇ ದೊಡ್ಡದು. ಹಾಗಾಗಿ ಒಂಬತ್ತು ಚಕ್ರವರ್ತಿಯ ಸಂಖ್ಯೆಯಾಯಿತು. 1420ರಲ್ಲಿ ಪೂರ್ಣಗೊಂಡ ಬೀಜಿಂಗ್‌ನ ನಿಷೇಧಿತ ನಗರದ ಮುಖ್ಯ ಬಾಗಿಲುಗಳಲ್ಲಿ ಸಾಲಿಗೆ ಒಂಬತ್ತರಂತೆ ಒಂಬತ್ತು ಸಾಲು, ಒಟ್ಟು 81 ಗುಬ್ಬಿಗಳಿವೆ. ಅಲ್ಲಿ 9,999 ಕೋಣೆಗಳಿವೆ ಎಂಬ ಮಾತಂತೂ ದಂತಕಥೆ. ಎಣಿಸಿದಾಗ ಸಿಕ್ಕಿದ್ದು ಅದಕ್ಕಿಂತ ಕಡಿಮೆ.

ಬಣ್ಣಗಳಿಗೂ ಅರ್ಥವಿದೆ. ಅರಮನೆಯ ಚಾವಣಿಗಳಿಗೆ ಚಕ್ರವರ್ತಿಯ ಬಣ್ಣವಾದ ಹಳದಿ ಹೆಂಚು. ಆದರೆ 1776ರಲ್ಲಿ ಕಟ್ಟಿದ ಗ್ರಂಥಾಲಯಕ್ಕೆ ಮಾತ್ರ ಕಪ್ಪು ಹೆಂಚು. ಚೀನೀ ಪಂಚತತ್ವಗಳಲ್ಲಿ ಕಪ್ಪು ನೀರಿನ ಬಣ್ಣ. ನೀರು ಬೆಂಕಿಯನ್ನು ಆರಿಸುತ್ತದೆ, ಪುಸ್ತಕಗಳು ಉಳಿಯಲಿ ಎಂಬ ಹಾರೈಕೆ ಅದು.

ಸಂಕೇತ ರಕ್ಷಿಸಿತೇ?

ಬೆಂಕಿಯಿಂದ ಕಾಪಾಡಲೆಂದು ಚಾವಣಿಯ ತುದಿಗಳಲ್ಲಿ ಡ್ರ್ಯಾಗನ್‌ನಂಥ ಪ್ರಾಣಿಗಳನ್ನು ಕೂರಿಸುತ್ತಿದ್ದರು. ಆದರೂ ಅರಮನೆ ಪೂರ್ಣಗೊಂಡ ಮರುವರ್ಷವೇ, 1421ರಲ್ಲಿ, ಮೂರು ಮುಖ್ಯ ಸಭಾಂಗಣಗಳು ಸುಟ್ಟುಹೋದವು. 1889ರಲ್ಲಿ ಸ್ವರ್ಗ ದೇಗುಲದ ಪ್ರಾರ್ಥನಾ ಮಂದಿರವೂ ಸಿಡಿಲಿಗೆ ಬಲಿಯಾಯಿತು. ಕಟ್ಟಡಗಳು ಮರದವು, ಸಿಡಿಲಿಗೆ ಶ್ಲೇಷೆ ಅರ್ಥವಾಗುವುದಿಲ್ಲ.

ಇದು ಕಟ್ಟಿದವರಿಗೂ ಗೊತ್ತಿತ್ತು. ಅರಮನೆಯ ಅಂಗಳಗಳಲ್ಲಿ ಇಂದಿಗೂ ಕಂಚು ಹಾಗೂ ಕಬ್ಬಿಣದ ದೊಡ್ಡ ದೊಡ್ಡ ಹಂಡೆಗಳನ್ನು ನೋಡಬಹುದು. ಬೆಂಕಿ ಆರಿಸಲು ಅವುಗಳಲ್ಲಿ ನೀರು ತುಂಬಿಡುತ್ತಿದ್ದರು. ಚಳಿಗಾಲದಲ್ಲಿ ನೀರು ಹೆಪ್ಪುಗಟ್ಟದಿರಲೆಂದು ಕೆಳಗೆ ಇದ್ದಿಲು ಉರಿಸುತ್ತಿದ್ದರು.

ಇಂದು ನಮ್ಮ ಊರುಗಳ ಅಂಗಡಿಗಳಲ್ಲೂ ಫೆಂಗ್‌ಶುಯಿ ಹೆಸರಿನಲ್ಲಿ ಅದೃಷ್ಟದ ಗೊಂಬೆಗಳು ಮಾರಾಟಕ್ಕಿವೆ. ಅಂದಕ್ಕೆಂದು ಕೊಂಡರೆ ತಪ್ಪೇನಿಲ್ಲ. ಆದರೆ ಸಾಲ ತೀರುತ್ತದೆ, ಕಾಯಿಲೆ ವಾಸಿಯಾಗುತ್ತದೆ ಎಂದು ಯಾರಾದರೂ ಮಾರಿದರೆ ಒಂದು ಕ್ಷಣ ಯೋಚಿಸೋಣ. ಸಂಕೇತವೆಂದರೆ ಒಂದು ಹಾರೈಕೆ, ಅಷ್ಟೇ. ಅದನ್ನು ಬಾಗಿಲಿಗೆ ಕೆತ್ತಿದ ಜನರೇ ಅಂಗಳದಲ್ಲಿ ನೀರಿನ ಹಂಡೆಯನ್ನೂ ಇಟ್ಟಿದ್ದರು. ಹಾಗೆಯೇ, ದಾರಿ ತಪ್ಪಿ ಮನೆಯೊಳಗೆ ಬಂದ ಬಾವಲಿಗೂ ಯಾವ ಕೇಡನ್ನೂ ಹೊರಿಸುವುದು ಬೇಡ. ದೀಪ ಆರಿಸಿ, ಬರಿಗೈಯಲ್ಲಿ ಮುಟ್ಟದೆ, ಕಿಟಕಿ ತೆರೆದಿಟ್ಟರೆ ಸಾಕು.